ದನಗಳ ಶುಶ್ರೂಷೆಯ ಪರೀಕ್ಷೆಗೆ ಕೂಡ್ರುವವರಿಗೆ

ನಮ್ಮ ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ದನಕರು ಕಟ್ಟದ ಒಕ್ಕಲಿಗನ ಮನೆ ಕಡಿಮೆ. ಖಿಲಾರಿ ಎತ್ತು, ಪಂಢರಪುರಿ ಎಮ್ಮೆ, ಮಾಡಗ್ಯಾಳ ಕುರಿ, ಉಸ್ಮಾನಾಬಾದಿ ಆಡು ಇವುಗಳ ನಡುವೆಯೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಹೀಗಿದ್ದರೂ ಪಶು ಆರೋಗ್ಯ ಕಾರ್ಯಕರ್ತರ ತರಬೇತಿ ಮುಗಿಸಿ ಪರೀಕ್ಷೆಗೆ ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು, ದಿನವೂ ಮಾಡುವ ಕೆಲಸವನ್ನೇ ಮಾಡಿ ತೋರಿಸಲಾರದೆ ಮರಳಿ ಬಂದದ್ದನ್ನು ನಾವು ಕಂಡಿದ್ದೇವೆ. ಅಂಥವರಿಗಾಗಿ ಈ ನಾಲ್ಕು ಮಾತು.

ಈ ಪರೀಕ್ಷೆ ಶಾಲೆಯ ಪರೀಕ್ಷೆಯಂತಲ್ಲ. ಬರವಣಿಗೆಯ ಭಾಗ ಒಂದು ಉಂಟು. ಆದರೆ ಕೈಯಿಂದ ಮಾಡಿ ತೋರಿಸುವುದು, ಬಾಯಿಂದ ಉತ್ತರ ಹೇಳುವುದು ಇವೂ ಉಂಟು. ಅಂಕ ಹಾಕುವವರು ಕಲಿಸಿದ ಗುರುಗಳಲ್ಲ, ಹೊರಗಿನಿಂದ ಬಂದ ಪರೀಕ್ಷಕರು. ಅವರು ಮುಖ್ಯವಾಗಿ ಎರಡು ಸಂಗತಿ ನೋಡುತ್ತಾರೆ: ನಿಮ್ಮ ಕೈ ಏನು ಮಾಡುತ್ತದೆ, ಮತ್ತು ಎಲ್ಲಿ ನಿಲ್ಲುತ್ತದೆ. ಮೊದಲನೆಯದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ದನದ ಬಳಿಗೆ ಹೋಗುವುದರಿಂದಲೇ ಪರೀಕ್ಷೆ ಆರಂಭವಾಯಿತೆಂದು ತಿಳಿಯಿರಿ. ಹಿಂದಿನಿಂದ ಸದ್ದಿಲ್ಲದೆ ಹೋಗಕೂಡದು. ಅದರ ಕಣ್ಣಿಗೆ ಬೀಳುವಂತೆ, ಮೆಲ್ಲಗೆ ಮಾತಾಡುತ್ತ, ಮೈಮೇಲೆ ಕೈಯಾಡಿಸುತ್ತ ಹೋಗಬೇಕು. ಆಕಳು ಕುದುರೆಯಂತೆ ಬರಿ ಹಿಂದಕ್ಕೆ ಒದೆಯುವುದಿಲ್ಲ, ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ. ಆದ್ದರಿಂದ ಪಕ್ಕದಲ್ಲಿ ನಿಂತವನೂ ಎಚ್ಚರದಿಂದಿರಬೇಕು.

ಮೈಬಿಸಿ ನೋಡುವುದು ತಪ್ಪದೆ ಬರುವ ಕೆಲಸ. ಪಾದರಸದ ಥರ್ಮಾಮೀಟರಾದರೆ ಕೊಡವಿ ಪಾದರಸವನ್ನು ಕೆಳಗಿಳಿಸಬೇಕು. ಗಡಿಬಿಡಿಯಲ್ಲಿ ಇದನ್ನು ಮರೆತು, ಹಿಂದಿನ ದನದ ಜ್ವರವನ್ನು ಮುಂದಿನ ದನಕ್ಕೆ ಬರೆದವರುಂಟು. ತುದಿಗೆ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿ, ಗುದದೊಳಗೆ ಸೇರಿಸಿ, ತುದಿ ಒಳಗೋಡೆಗೆ ತಾಗುವಂತೆ ಹಿಡಿಯಬೇಕು. ಸೆಗಣಿಯೊಳಗೆ ಚುಚ್ಚಿ ನಿಂತರೆ ಸೆಗಣಿಯ ಬಿಸಿ ಸಿಗುತ್ತದೆ, ದನದ್ದಲ್ಲ. ಬೆಳೆದ ಆಕಳಿಗೆ 101ರಿಂದ 102.5 ಡಿಗ್ರಿ ಫಾರನ್‌ಹೀಟ್ ಸಹಜ. ಸೆಂಟಿಗ್ರೇಡಿನಲ್ಲಿ ಕೇಳಿದರೆ 38.3ರಿಂದ 39.2. ಆಡುಕುರಿಗಳಿಗೆ ಸುಮಾರು ಒಂದು ಡಿಗ್ರಿ ಫಾರನ್‌ಹೀಟ್ ಹೆಚ್ಚು. ಬಿಸಿಲಲ್ಲಿ ನಿಂತು ಬಂದ ಎಮ್ಮೆಯ ಮೈ ಬೇನೆಯಿಲ್ಲದೆಯೂ ಏರಿರುತ್ತದೆ. ಅದನ್ನು ನೆರಳಿಗೆ ಕಟ್ಟಿ ತುಸು ಹೊತ್ತು ಬಿಟ್ಟು ನೋಡುತ್ತೇನೆಂದು ಹೇಳಿದರೆ ಪರೀಕ್ಷಕರು ತಲೆದೂಗುತ್ತಾರೆ.

ನಾಡಿಯನ್ನು ಬಾಲದ ಬುಡದ ಕೆಳಮೈಯಲ್ಲಿ ಬೆರಳಿಟ್ಟು ನೋಡಬೇಕು. ಬೆಳೆದ ದನಕ್ಕೆ ನಿಮಿಷಕ್ಕೆ ಸುಮಾರು 50ರಿಂದ 80. ಆಡುಕುರಿಗಳಿಗೆ ತೊಡೆಯ ಒಳಮೈಯಲ್ಲಿ ಸಿಗುತ್ತದೆ. ಎಡಗಡೆಯ ಪಕ್ಕೆಯ ಹಿಂದಿನ ಗುಂಡಿಯಲ್ಲಿ ಮುಷ್ಟಿಯನ್ನು ಒತ್ತಿ ಹಿಡಿದರೆ ಹೊಟ್ಟೆ ಹೊರಳುವುದು ತಿಳಿಯುತ್ತದೆ. ಎರಡು ನಿಮಿಷಕ್ಕೆ ಎರಡು ಮೂರು ಸಲ ಹೊರಳಿದರೆ ಚಿಂತೆಯಿಲ್ಲ.

ತೂಕದ ಲೆಕ್ಕವನ್ನೂ ಕೇಳುವುದುಂಟು. ಜಂತಿನ ಔಷಧದ ಪ್ರಮಾಣ ತೂಕದ ಮೇಲೆ ಹೋಗುತ್ತದೆ, ತಕ್ಕಡಿಯಂತೂ ಹಳ್ಳಿಯಲ್ಲಿರುವುದಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕಿಲೋ ಬರುತ್ತದೆ. ಸುತ್ತಳತೆ 60, ಉದ್ದ 50 ಆದರೆ 1,80,000. ಭಾಗಿಸಿದರೆ ಸುಮಾರು 273 ಕಿಲೋ. ನಾವು ಈ ಲೆಕ್ಕವನ್ನು ಏಳನೆಯ ಇಯತ್ತೆಯ ಮಕ್ಕಳಿಗೆ ನಮ್ಮ ಎತ್ತನ್ನೇ ಅಳೆಯಿಸಿ ಮಾಡಿಸುತ್ತೇವೆ. ಎತ್ತೂ ಸುಮ್ಮನೆ ನಿಲ್ಲುತ್ತದೆ.

ಇನ್ನು ಔಷಧ ಕುಡಿಸುವ ಮಾತು. ಇದನ್ನು ಬರೆಯುವುದು ನಮಗೆ ಸುಲಭವಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಒಂದು ಎತ್ತಿಗೆ ಹೊಟ್ಟೆಯುಬ್ಬರವಾಯಿತು. ಊರಿನಲ್ಲಿ ಎಲ್ಲರೂ ಮಾಡುವಂತೆ ನಾವೂ ಮೂಗುದಾಣ ಹಿಡಿದು ತಲೆಯನ್ನು ಮೇಲಕ್ಕೆತ್ತಿ, ನಾಲಗೆಯನ್ನು ಹೊರಗೆಳೆದು, ಗೊಟ್ಟದಿಂದ ಎಣ್ಣೆ ಹೊಯ್ದೆವು. ಎತ್ತು ಕೆಮ್ಮಿತು. ನಾವು ನಿಲ್ಲಿಸಲಿಲ್ಲ, ಉಳಿದದ್ದನ್ನೂ ಹೊಯ್ದೆವು. ಉಬ್ಬರ ಇಳಿಯಿತು, ಆದರೆ ಮರುದಿನದಿಂದ ಉಸಿರು ಗೊರಗೊರ ಎನ್ನತೊಡಗಿ ಐದನೆಯ ದಿನ ಎತ್ತು ಸತ್ತಿತು. ಎಣ್ಣೆ ಪುಪ್ಪುಸಕ್ಕೆ ಇಳಿದಿತ್ತೆಂದು ಡಾಕ್ಟರು ಹೇಳಿದರು. ಬೇನೆ ಕೊಲ್ಲಲಿಲ್ಲ, ನಮ್ಮ ಕೈ ಕೊಂದಿತು. ಆದ್ದರಿಂದ ಗೊಟ್ಟ ಹಿಡಿದಾಗ ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲಕ್ಕೆ ಎತ್ತಕೂಡದು, ನಾಲಗೆಯನ್ನು ಎಳೆಯಕೂಡದು, ಬಾಯಿಯ ಪಕ್ಕದ ಹಲ್ಲಿಲ್ಲದ ಸಂದಿನಿಂದ ತುಸುತುಸುವೇ ಹೊಯ್ಯಬೇಕು, ನುಂಗಲು ಬಿಡಬೇಕು. ಕೆಮ್ಮಿದರೆ ಕೂಡಲೆ ನಿಲ್ಲಿಸಿ ತಲೆ ಬಿಡಬೇಕು. ತಾನಾಗಿ ನಿಲ್ಲಲಾರದ, ನುಂಗಲಾರದ ದನಕ್ಕೆ ಬಾಯಿಂದ ಏನನ್ನೂ ಹೊಯ್ಯಲೇಬಾರದು.

ಕೈ ಎಲ್ಲಿ ನಿಲ್ಲಬೇಕೆಂಬುದಕ್ಕೆ ಕಾಯಿದೆಯ ಗೆರೆಯೂ ಉಂಟು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ. ಪ್ರಮಾಣಪತ್ರ ಪಡೆದವರು ಸರಕಾರ ಒಪ್ಪಿದ ಸಣ್ಣ ಸೇವೆಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು, ಅಷ್ಟೇ. ಪರೀಕ್ಷಕರು ಬೇಕೆಂತಲೇ ಬಲೆ ಒಡ್ಡುತ್ತಾರೆ. “ಎತ್ತು ನಿನ್ನೆ ಚೆನ್ನಾಗಿತ್ತು, ಇಂದು ಮುಂಜಾನೆ ಸತ್ತು ಬಿದ್ದಿದೆ, ಮೂಗಿನಿಂದ ಕಪ್ಪು ರಕ್ತ ಸೋರುತ್ತಿದೆ, ಹೆಪ್ಪುಗಟ್ಟಿಲ್ಲ, ಏನು ಮಾಡುವೆ?” ಎನ್ನುತ್ತಾರೆ. ಹೊಟ್ಟೆ ಕೊಯ್ದು ನೋಡುತ್ತೇನೆಂದರೆ ಕೆಟ್ಟಿತು. ಅದು ನೆರಡಿ ರೋಗವಿರಬಹುದು. ಹೆಣ ಕೊಯ್ಯಕೂಡದು, ತೊಗಲು ಸುಲಿಯಕೂಡದು. ನಾಯಿ ಕಾಗೆ ಮುಟ್ಟದಂತೆ ಕಾದು ಡಾಕ್ಟರಿಗೆ ತಿಳಿಸಬೇಕು. “ಎಮ್ಮೆ ಜೊಲ್ಲು ಸುರಿಸುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಂತಿದೆ” ಎಂದರೆ ಬಾಯಿಗೆ ಕೈ ಹಾಕುವವನು ಹುಚ್ಚುನಾಯಿ ರೋಗವನ್ನು ಮರೆತವನು. ಜೊಲ್ಲು ತಾಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಮನುಷ್ಯರ ದವಾಖಾನೆಗೆ ಹೋಗಬೇಕು. ಕಂದು ಹಾಕಿದ ಆಕಳ ಮಾಸನ್ನು ಬರಿಗೈಯಲ್ಲಿ ಎಳೆಯುವುದೂ ಇದೇ ಜಾತಿಯ ತಪ್ಪು. ಅದರಿಂದ ಬ್ರುಸೆಲ್ಲಾ ಜ್ವರ ಮನುಷ್ಯನಿಗೆ ಅಂಟುತ್ತದೆ. ಇಂಥ ಕಡೆ “ಡಾಕ್ಟರಿಗೆ ತಿಳಿಸುತ್ತೇನೆ” ಎಂಬುದು ಸೋತವನ ಉತ್ತರವಲ್ಲ. ಆದರೆ ಏನೆಂದು ತಿಳಿಸುವೆ ಎಂಬ ಮುಂದಿನ ಪ್ರಶ್ನೆಗೆ ಮೈಬಿಸಿ, ನಾಡಿ, ಮೇವು, ಸೆಗಣಿ, ಎಂದಿನಿಂದ ಬೇನೆ ಇವೆಲ್ಲ ನಾಲಗೆಯ ತುದಿಯಲ್ಲಿರಬೇಕು. 1962 ಎಂಬ ದೂರವಾಣಿ ಸಂಖ್ಯೆ ಸಂಚಾರಿ ಪಶುವೈದ್ಯ ಗಾಡಿಯದೆಂಬುದೂ ನೆನಪಿರಲಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು, ಮಾತಿನದು. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೆ ಪರೀಕ್ಷಕರು ಮರಾಠಿಯಲ್ಲಿ “ಘಟಸರ್ಪ”ದ ಲಕ್ಷಣ ಹೇಳು ಎನ್ನುತ್ತಾರೆ. ಗಳಲೆ ರೋಗವೆಂದಿದ್ದರೆ ಗಂಟಲು ಬಾತು ಉಸಿರು ಕಟ್ಟುವುದನ್ನು ಕಣ್ಣಾರೆ ಕಂಡಂತೆ ಹೇಳುತ್ತಿದ್ದಳು. ಈಗ ಹಾವಿನ ಮಾತೆಂದು ತಿಳಿದು ಬಾಯಿ ಮುಚ್ಚುತ್ತಾಳೆ. ಇದು ನಡೆದ ಸಂಗತಿ. ಅಕ್ಕಂದಿರೇ, ತಮ್ಮಂದಿರೇ, ಒಂದು ವಹಿಯಲ್ಲಿ ಎದುರೆದುರು ಬರೆದಿಡಿರಿ: ಚಪ್ಪೆ ಬೇನೆಗೆ ಮರಾಠಿಯಲ್ಲಿ ಫರ್‍ಯಾ, ಕಾಲುಬಾಯಿ ಬೇನೆಗೆ ಲಾಳ್ಯಾ ಖುರಕೂತ, ಕೆಚ್ಚಲು ಬಾವಿಗೆ ಕಾಸದಾಹ, ಹೊಟ್ಟೆಯುಬ್ಬರಕ್ಕೆ ಪೋಟಫುಗಿ, ಕುರಿಗಳ ಕರುಳುಬೇನೆಗೆ ಆಂತ್ರವಿಷಾರ, ನೆರಡಿಗೆ ಕಾಳಪುಳಿ. ತಿಳಿಯದ ಶಬ್ದ ಬಂದರೆ ಅರ್ಥ ಕೇಳಲು ಸಂಕೋಚ ಬೇಡ. ಕೇಳಿದವರನ್ನು ಯಾರೂ ಹೊರಗೆ ಹಾಕುವುದಿಲ್ಲ.

ತೊಳೆಯುವ ಕೆಲಸವನ್ನು ಹಗುರಾಗಿ ನೋಡಬೇಡಿರಿ. ಸೆಗಣಿಯ ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿದರೆ ಪುಡಿ ಸೆಗಣಿಯಲ್ಲೇ ಸೋತುಹೋಗುತ್ತದೆ. ಮೊದಲು ಬಳಿದು, ಸಾಬೂನು ನೀರಿನಿಂದ ತೊಳೆದು, ಆಮೇಲೆ ಔಷಧ. ಕಾಲುಬಾಯಿ ಬೇನೆಯಿದ್ದ ಕೊಟ್ಟಿಗೆಗೆ ವಾಷಿಂಗ್ ಸೋಡಾ ಸಾಕು, 10 ಲೀಟರ್ ನೀರಿಗೆ 400 ಗ್ರಾಂ.

ಪರೀಕ್ಷೆಗೆ ಹದಿನೈದು ದಿನ ಇರುವಾಗಲೇ ಮನೆಯ ಒಂದು ಆಕಳು, ಒಂದು ಆಡು ಆರಿಸಿಕೊಂಡು ದಿನವೂ ಬೆಳಗು ಬೈಗು ಮೈಬಿಸಿ, ನಾಡಿ, ಉಸಿರು ನೋಡಿ ತಾರೀಖು ಹಾಕಿ ಬರೆಯಿರಿ. ಆ ವಹಿಯನ್ನೂ ಪರೀಕ್ಷೆಗೆ ಒಯ್ಯಿರಿ. ಉಗುರು ಕತ್ತರಿಸಿಕೊಂಡು, ಬಳೆ ಉಂಗುರ ತೆಗೆದಿಟ್ಟು, ಮುಚ್ಚಿದ ಬೂಟು ಹಾಕಿಕೊಂಡು ಹೋಗಿರಿ. ಮೆತ್ತನೆಯ ಒಂದು ಹಗ್ಗ ಜೊತೆಗಿರಲಿ. ಕೋಲನ್ನು ಮಾತ್ರ ಮನೆಯಲ್ಲೇ ಬಿಡಿರಿ.