ಫ್ಯಾಕ್ಸ್ ಯಂತ್ರದಿಂದ ಹೊರಟ ಒಪ್ಪಂದ

ಎಂಜಿನಿಯರಿಂಗ್ ಓದುವವರ ಕಣ್ಣಿಗೆ ನೆಲಬಾಂಬ್ ತೀರಾ ಸರಳ ಸಾಧನ. ಒಂದಿಷ್ಟು ಸ್ಫೋಟಕ, ಒತ್ತಿದರೆ ಸಿಡಿಸುವ ಫ್ಯೂಸ್, ಮೇಲೊಂದು ಕವಚ. ಅದರಲ್ಲಿ ಇಲ್ಲದಿರುವುದು ‘ಆಫ್’ ಸ್ವಿಚ್. ಯುದ್ಧ ಮುಗಿದು, ಹೂತವರೇ ಜಾಗ ಮರೆತ ಮೇಲೂ ಅದು ಕಾಯುತ್ತಲೇ ಇರುತ್ತದೆ. ತುಳಿದ ಕಾಲು ಸೈನಿಕನದೋ, ಸೌದೆಗೆ ಹೋದ ಹೆಂಗಸಿನದೋ, ದನ ಕಾಯುವ ಹುಡುಗನದೋ ಅದಕ್ಕೆ ಗೊತ್ತಾಗುವುದಿಲ್ಲ.

ಇದನ್ನು ಪೂರ್ತಿ ನಿಷೇಧಿಸಬೇಕೆಂದು ಪಟ್ಟು ಹಿಡಿದು ಜಗತ್ತಿನಾದ್ಯಂತ ಜನರನ್ನು ಸೇರಿಸಿದ್ದು ಸರ್ಕಾರಗಳಲ್ಲ. 1992ರಲ್ಲಿ ಆರು ಸ್ವಯಂಸೇವಾ ಸಂಸ್ಥೆಗಳು ಕೂಡಿ ನೆಲಬಾಂಬ್ ನಿಷೇಧದ ಅಂತರರಾಷ್ಟ್ರೀಯ ಆಂದೋಲನ ಆರಂಭಿಸಿದವು. ಗಾಯಾಳುಗಳಿಗೆ ಕೃತಕ ಕಾಲು ಜೋಡಿಸುತ್ತಿದ್ದವರು, ಬಾಂಬ್ ಹುಡುಕಿ ತೆಗೆಯುತ್ತಿದ್ದವರು, ವಿಯೆಟ್ನಾಂನಲ್ಲಿ ಕಾದಾಡಿ ಬಂದ ಅಮೆರಿಕದ ಮಾಜಿ ಸೈನಿಕರು ಅದರಲ್ಲಿದ್ದರು. ಸಂಚಾಲಕಿ ಜೋಡಿ ವಿಲಿಯಮ್ಸ್. ಇಮೇಲ್ ಕಳಿಸಿಯೇ ಜಗತ್ತು ಬದಲಿಸಿದರು ಎಂಬ ಕಥೆ ಆಮೇಲೆ ಹುಟ್ಟಿಕೊಂಡಿತು. ಆರಂಭದ ವರ್ಷಗಳಲ್ಲಿ ಕೆಲಸ ನಡೆದದ್ದು ಹೆಚ್ಚಾಗಿ ಫ್ಯಾಕ್ಸ್, ಫೋನ್‌ಗಳಲ್ಲಿ. (ಫ್ಯಾಕ್ಸ್ ಯಂತ್ರವನ್ನು ನಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೇವೋ!)

ಜಿನೀವಾದಲ್ಲಿ ನಡೆದ ಅಧಿಕೃತ ಮಾತುಕತೆಗೆ ಎಲ್ಲರ ಒಪ್ಪಿಗೆ ಬೇಕಿತ್ತು. ಒಂದು ದೇಶ ಬೇಡವೆಂದರೂ ಕಥೆ ಮುಗಿಯಿತು. 1996ರ ಮೇ ತಿಂಗಳಲ್ಲಿ ಅದು ಪೂರ್ಣ ನಿಷೇಧವಿಲ್ಲದೆ ಕೊನೆಗೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಟ್ಟಾವಾದಲ್ಲಿ ನಡೆದ ಸಭೆಯ ಕೊನೆಗೆ ಕೆನಡಾದ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ, ಒಂದು ವರ್ಷದಲ್ಲಿ ಇಲ್ಲಿಗೇ ಬಂದು ಸಹಿ ಹಾಕಿ ಎಂದುಬಿಟ್ಟರು. ರಾಜತಾಂತ್ರಿಕರು ಕಕ್ಕಾಬಿಕ್ಕಿ. ಒಪ್ಪದವರಿಗಾಗಿ ಕಾಯುವುದು ಬೇಡ, ಒಪ್ಪುವವರು ಮುಂದೆ ಹೋಗೋಣ ಎಂಬುದು ಅದರ ಅರ್ಥ. 1997ರಲ್ಲಿ ಓಸ್ಲೋದಲ್ಲಿ ಕರಡು ಅಂತಿಮವಾಗುವಾಗ ಆಂದೋಲನದವರು ಸಭಾಂಗಣದ ಒಳಗೇ ಕುಳಿತಿದ್ದರು. ಕೊರಿಯಾ ಗಡಿಗೆ ವಿನಾಯಿತಿ ಕೇಳಿದ ಅಮೆರಿಕಕ್ಕೆ ಅದು ಸಿಗಲಿಲ್ಲ. ಡಿಸೆಂಬರ್‌ನಲ್ಲಿ 122 ದೇಶಗಳು ಸಹಿ ಹಾಕಿದವು. ಆಂದೋಲನಕ್ಕೂ ವಿಲಿಯಮ್ಸ್‌ಗೂ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಂದೋಲನದ ಪರವಾಗಿ ಅದನ್ನು ಪಡೆದವರು ಕಾಂಬೋಡಿಯಾದ ತುನ್ ಚನ್ನರೆತ್, ನೆಲಬಾಂಬ್‌ಗೆ ಎರಡೂ ಕಾಲು ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದವರು.

ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆಮೇಲಿನ ಗುಮಾಸ್ತಿಕೆ. ಸಹಿ ಹಾಕಿದ ಸರ್ಕಾರ ಮಾತು ಉಳಿಸಿಕೊಂಡಿತೇ ಎಂದು ನೋಡುವವರು ಯಾರು? 1999ರಿಂದ ಆಂದೋಲನವೇ ‘ಲ್ಯಾಂಡ್‌ಮೈನ್ ಮಾನಿಟರ್’ ಎಂಬ ವರದಿ ತರುತ್ತಿದೆ. ಯಾವ ದೇಶ ಎಷ್ಟು ನಾಶ ಮಾಡಿತು, ಎಲ್ಲಿ ಇನ್ನೂ ಹೂಳುತ್ತಿದ್ದಾರೆ, ಎಷ್ಟು ಜನ ಸತ್ತರು ಎಂಬ ಲೆಕ್ಕ ಅದರಲ್ಲಿರುತ್ತದೆ. ದಂಡ ವಿಧಿಸುವ ಅಧಿಕಾರ ಅವರಿಗಿಲ್ಲ, ಇರುವುದು ಅಂಕಿ ಅಂಶ ಮತ್ತು ನಾಚಿಕೆಪಡಿಸುವ ಶಕ್ತಿ. ಅಮೆರಿಕ, ರಷ್ಯಾ, ಚೀನಾ ಸೇರಲಿಲ್ಲ. ಗಡಿ ಕಾಯಲು ಬೇಕು ಎನ್ನುವ ಭಾರತ, ಪಾಕಿಸ್ತಾನಗಳೂ ಸೇರಿಲ್ಲ. ಆದರೂ ಸೇರಿದ ದೇಶಗಳು 5.5 ಕೋಟಿಗೂ ಹೆಚ್ಚು ದಾಸ್ತಾನು ಬಾಂಬ್‌ಗಳನ್ನು ನಾಶಪಡಿಸಿವೆ.

ಈಗ ಕಷ್ಟದ ಪ್ರಶ್ನೆ ಎದುರಾಗಿದೆ. ರಷ್ಯಾದ ಭಯದಿಂದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್, ಫಿನ್ಲೆಂಡ್ 2025ರಲ್ಲಿ ಒಪ್ಪಂದ ಬಿಡಲು ತೀರ್ಮಾನಿಸಿದವು. ಹಾಗೆ ತೀರ್ಮಾನಿಸಿದ್ದು ಜನ ಆರಿಸಿದ ಸಂಸತ್ತುಗಳು. ಸ್ವಯಂಸೇವಾ ಸಂಸ್ಥೆಗಳನ್ನು ಯಾರೂ ಆರಿಸಿಲ್ಲ. ಹಾಗಿದ್ದ ಮೇಲೆ ಅವರ ಮಾತಿಗೇನು ಬೆಲೆ ಎಂದು ಕೇಳಬಹುದು. ಪಕ್ಕದಲ್ಲಿ ಯುದ್ಧ ನೋಡುತ್ತಿರುವವರ ಭಯವನ್ನು ದೂರದಲ್ಲಿ ಕುಳಿತು ಹಗುರ ಮಾಡಲೂ ಆಗದು. ಆದರೆ ಸಂಸತ್ತಿಗೆ ಕೇಳಿಸುವುದು ಇಂದಿನ ಮತದಾರರ ದನಿ. ಇಪ್ಪತ್ತು ವರ್ಷದ ಬಳಿಕ ಆ ಹೊಲದಲ್ಲಿ ಕಾಲಿಡುವ ಮಗುವಿಗೆ ಮತವಿಲ್ಲ, ಅದರ ಪರವಾಗಿ ಯಾರಾದರೂ ಬಾಯಿ ತೆರೆಯಬೇಕಲ್ಲ.

ಒಪ್ಪಂದದಲ್ಲಿರುವ ದೇಶ ಪ್ರತಿವರ್ಷ ತನ್ನ ನೆಲಬಾಂಬ್‌ಗಳ ವರದಿ ಸಲ್ಲಿಸಬೇಕು. ಹೊರಹೋದವರಿಗೆ ಆ ಕಟ್ಟುಪಾಡಿಲ್ಲ. ಅಲ್ಲಿ ಎಲ್ಲಿ, ಎಷ್ಟು ಹೂಳುತ್ತಾರೆಂದು ಎಣಿಸುವ ಕೆಲಸ ಇನ್ನು ಸರ್ಕಾರದ ಹೊರಗಿರುವವರ ಪಾಲಿಗೆ.