ರೊಟ್ಟಿಯ ತಾಳ, ಡಮಾಮಿಯ ತಾಳ

ವಿಜಯಪುರದ ಆದಿಲಶಾಹಿ ದರ್ಬಾರಿನಲ್ಲಿ ಆಫ್ರಿಕಾದವರು ಏನು ಮಾಡುತ್ತಿದ್ದರು?

ರಾಜ್ಯ ನಡೆಸುತ್ತಿದ್ದರು!

16ನೇ ಶತಮಾನದ ಕೊನೆ.
ಸುಲ್ತಾನ 2ನೇ ಇಬ್ರಾಹಿಂ ಇನ್ನೂ ಬಾಲಕ.
ಅವನ ಪರವಾಗಿ ಆಡಳಿತ ಹಿಡಿದವನು ಹಬ್ಶಿ, ಅಂದರೆ ಆಫ್ರಿಕಾ ಮೂಲದ ಸರದಾರ ದಿಲಾವರ್ ಖಾನ್.
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ...
ಈ ಸೀಮೆಯೆಲ್ಲ ಆಗ ಆದಿಲಶಾಹಿ ನೆಲ.

ಆದರೆ ಆಫ್ರಿಕಾದವರಲ್ಲಿ ಹೆಚ್ಚಿನವರ ಪಾಲಿಗೆ ಬಂದದ್ದು ದರ್ಬಾರಲ್ಲ, ಸಂಕೋಲೆ.
ಪೋರ್ಚುಗೀಸರು ಅವರನ್ನು ಗುಲಾಮರಾಗಿ ಗೋವಾಕ್ಕೆ ತಂದರು.
ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು.
ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳಲ್ಲಿ ಬಹಳಷ್ಟು ಜನ ಅವರದೇ ಕುಡಿಗಳು.

ತಾಯ್ನುಡಿ ಹೋಯಿತು. ಹುಟ್ಟೂರಿನ ಹೆಸರೂ ಹೋಯಿತು.
ಉಳಿದದ್ದು ತಾಳ!

ನೋಡಿ, ಸಿಂದಗಿಯ ಹೆಣ್ಣುಮಗಳು ಮದುವೆಯಾಗಿ ಎಷ್ಟೇ ದೂರ ಹೋಗಲಿ,
ಜೋಳದ ರೊಟ್ಟಿ ಬಡಿಯಲು ಕೂತರೆ
ಕೈ ತವರಿನ ತಾಳವನ್ನೇ ಹಿಡಿಯುತ್ತದೆ.
ಸಿದ್ದಿಗಳ ತಾಳವೂ ಹಾಗೇ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ.
ಡಮಾಮಿ ಕುಣಿತ ಮಾತ್ರ ಎಲ್ಲರದು.
ಚರ್ಮವಾದ್ಯ ಬಡಿದರೆ ಸಾಕು, ಕಾಲು ನಿಲ್ಲುವುದಿಲ್ಲ.

ಗುಜರಾತಿನಲ್ಲೂ ಸಿದ್ದಿಗಳಿದ್ದಾರೆ. ಅವರ ಕುಣಿತಕ್ಕೆ ಗೋಮಾ ಎಂದು ಹೆಸರು.
ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಡೋಲಿಗೆ ಏನೆನ್ನುತ್ತಾರೆ ಗೊತ್ತೇ?
ಎನ್‌ಗೋಮಾ!

ಇನ್ನೊಂದು ಸೋಜಿಗ.
ಗುಜರಾತಿನ ಸಿದ್ದಿಗಳು ಮಲುಂಗಾ ನುಡಿಸುತ್ತಾರೆ.
ಬಿಲ್ಲಿನಂಥ ಕೋಲು, ಒಂದೇ ತಂತಿ, ಕೆಳಗೊಂದು ಸೋರೆಬುರುಡೆ.
ಸಾಗರದಾಚೆ ಬ್ರೆಜಿಲ್‌ನಲ್ಲಿ
ಆಫ್ರಿಕಾ ಮೂಲದವರ ಕೈಯಲ್ಲಿ ಅಂಥದ್ದೇ ವಾದ್ಯ: ಬಿರಿಂಬಾವ್.

ಒಬ್ಬರು ಪೂರ್ವಕ್ಕೆ ಬಂದವರು, ಒಬ್ಬರು ಪಶ್ಚಿಮಕ್ಕೆ ಹೋದವರು.
ಇಬ್ಬರ ಹಡಗೂ ಹೊರಟದ್ದು ಒಂದೇ ಖಂಡದಿಂದ.