ಕರಾರು ಮತ್ತು ಕ್ರಯ

ಮೈಸೂರಿನ ಸರಸ್ವತೀಪುರದಲ್ಲೊಂದು ಮನೆಯನ್ನು ಮೆಚ್ಚಿ, ಬೆಲೆ ಕುದುರಿಸಿ, ಮುಂಗಡವಿತ್ತು ಕರಾರುಪತ್ರ ಬರೆಸಿದೊಡನೆ ‘ಮನೆ ನಮ್ಮದಾಯಿತು’ ಎಂದು ಸಿಹಿ ಹಂಚುವವರುಂಟು. ಅದು ದುಡುಕು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಪ್ರಕರಣದಂತೆ ಕರಾರು ಕೇವಲ ವಾಗ್ದಾನ. ಸ್ವತ್ತಿನಲ್ಲಿ ಹಕ್ಕನ್ನು ಹುಟ್ಟಿಸದು. ಒಡೆತನ ಬರುವುದು ನೋಂದಾಯಿತ ಕ್ರಯಪತ್ರದಿಂದ.

ಆದುದರಿಂದ ಮುಂಗಡಕ್ಕೆ ಮುನ್ನವೇ ಋಣಭಾರ ಪತ್ರವನ್ನು ತೆಗೆಸಿ ನೋಡತಕ್ಕದ್ದು. ಅಷ್ಟೇ ಸಾಲದು, ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತಂದ ಸಾಲ ಅಲ್ಲಿ ಕಾಣದಿರಬಹುದು. ನಕಲುಗಳಿಗೆ ತೃಪ್ತರಾಗದೆ ಮೂಲವನ್ನೇ ಕೇಳಿ ನೋಡಬೇಕು. ನಗರಪಾಲಿಕೆಯ ಖಾತೆಯಾದರೋ ತೆರಿಗೆಯ ಲೆಕ್ಕವೇ ಹೊರತು ಒಡೆತನದ ಪ್ರಮಾಣವಲ್ಲ.

ಯಜಮಾನರು ಉಯಿಲಿಲ್ಲದೆ ತೀರಿಕೊಂಡಿದ್ದರೆ ವಾರಸುದಾರರೆಲ್ಲರ ರುಜು ಅವಶ್ಯ. ಮದುವೆಯಾಗಿ ಹೋದ ಮಗಳನ್ನು ಇಂಥಲ್ಲಿ ಮರೆಯುವುದು ನಮ್ಮ ಮನೆಗಳ ಹಳೆಯ ಚಾಳಿ. ರುಜುವಾದ ಕ್ರಯಪತ್ರವನ್ನು ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಗಳ ಮುಂದೆ ಹಾಜರುಪಡಿಸಬೇಕು. ಸಿಹಿ ಹಂಚುವುದು ಆಮೇಲೆ.